ಒಂದಾಳು ತಗ್ಗಿಸಿ ಕಟ್ಟಿ

೨೩೧೮ನೆಯ ಇಸವಿ, ಹದಿಮೂರನೆಯ ತಿಂಗಳು, ಎಂಟನೆಯ ದಿನ

ಹೊಸಗಜನಿ ಊರಲ್ಲಿ ಈಗ ವಾಸವಾಗಿರುವ ಹಿರಿಯರಿಗೆ, ನಿಮ್ಮಿಂದ ಮುನ್ನೂರು ವರ್ಷ ಆಚೆಗಿರುವ ಗಣಪಿಯ ನಮಸ್ಕಾರ.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ಹದಿಮೂರನೆಯ ತಿಂಗಳು ನಿಮ್ಮ ಪಂಚಾಂಗದಲ್ಲಿ ಇರಲಾರದು. ಕಡಲು ತೀರಾ ಕೆಳಗಿಳಿಯುವ ದಿನಗಳನ್ನು ನಾವು ಬೇರೆಯಾಗಿ ಎಣಿಸುತ್ತೇವೆ. ನಮ್ಮ ಗತಿ ತೀರ್ಮಾನವಾಗುವುದು ಆಗಲೇ.

ನಾವಿರುವುದು ಘಟ್ಟದ ಮೇಲೆ, ತಗಡಿನ ಸಾಲುಮನೆಗಳಲ್ಲಿ. ಊರು ಪೂರ್ತಿ ಮುಳುಗಿದವರನ್ನು ಇಲ್ಲಿ ‘ನೆಲೆಯವರು’ ಎನ್ನುತ್ತಾರೆ. ಅವರಿಗೆ ಹೊಲ ಉಂಟು, ದೊಡ್ಡ ಶಾಲೆ ಉಂಟು. ಊರಿನ ಒಂದು ಗೋಡೆಯಾದರೂ ನೀರಿನ ಮೇಲೆ ಕಂಡರೆ ಆ ಊರು ಇದೆ ಎಂದೇ ಕಾನೂನು. ಅಂಥ ಊರಿನವರು ‘ತಂಗುವವರು’. ನಾವು ತಂಗುವವರು. ನಮ್ಮ ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ.

ಹೊಸಗಜನಿಯಲ್ಲಿ ಎಲ್ಲವೂ ಮುಳುಗಿದೆ. ನೀವು ಶಾಲೆಯ ಹಿಂದೆ ಕಟ್ಟಿಸಲಿರುವ ಕುಡಿಯುವ ನೀರಿನ ಟಾಂಕಿಯ ತಲೆ ಮಾತ್ರ, ಕಡಲು ಇಳಿದಾಗ, ಒಂದಾಳಿಗಿಂತ ತುಸು ಕಡಿಮೆ ಎತ್ತರಕ್ಕೆ ಕಾಣುತ್ತದೆ.

ಪ್ರತಿವರ್ಷ ಅಳತೆಯ ದೋಣಿ ಅಲ್ಲಿಗೆ ಹೋಗಿ ಬರುತ್ತದೆ. ಮೊದಲೆಲ್ಲ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಹೋದ ವರ್ಷ ಅಳತೆಯ ಸಾಹೇಬರು ನಮ್ಮ ಸಾಲಿಗೇ ಬಂದು, “ನಿಮ್ಮೂರು ಐತಲ್ಲ ಯವ್ವಾ, ಕಣ್ಣಿಗೆ ಕಾಣಾಕತ್ತೈತಿ” ಎಂದರು. ನನ್ನ ಅಜ್ಜಿ ಹೊನ್ನಿ ಬಿಡಲಿಲ್ಲ. “ಹಂಗಾರೆ ಒಡೆಯಾ, ಆ ಊರಿಂದ ಒಂದು ಕೊಡ ಸೀನೀರು ತಕಂಬನ್ನಿ. ನಾಳೇಕೇ ಗಂಟು ಕಟ್ವ” ಎಂದಳು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಮರುದಿನ ನನ್ನ ತುಳಸು ಅತ್ತೆಯ ಮನೆಯ ಐದು ಜನರನ್ನು ಒಂದು ಮೂಟೆ ಅಕ್ಕಿಯ ಜೊತೆ ಟಾಂಕಿಯ ಮೇಲೆ ಇಳಿಸಿ ಬಂದರು. ಕಾಗದದಲ್ಲಿ ಅದರ ಹೆಸರು ‘ಊರಿಗೆ ಮರಳಿಕೆ’.

ಈ ಸಲ ಊರಿನ ಗುರುತು ಹೇಳಲು ನನ್ನನ್ನು ದೋಣಿಯಲ್ಲಿ ಕೂರಿಸಿದರು. ಟಾಂಕಿಯ ಮೇಲೆ ಯಾರೂ ಇರಲಿಲ್ಲ. ಕಬ್ಬಿಣದ ಸರಳಿಗೆ ಅತ್ತೆಯ ಹಳದಿ ಸೀರೆ ಇತ್ತು. ದೂರದ ದೋಣಿಗಳಿಗೆ ಕಾಣಲೆಂದು ಎತ್ತರದಲ್ಲಿ, ಎರಡು ಗಂಟು ಹಾಕಿ ಕಟ್ಟಿದ್ದಳು. ಸಾಹೇಬರು ಅದನ್ನು ನೋಡಿ, ಲೆಕ್ಕ ಬರೆಯುವವನಿಗೆ, “ಅರಿವಿ ಒಣಗಹಾಕ್ಯಾರ. ಜನ ಅದಾರ ಅಂತ ಬರಕೋ” ಎಂದರು. ದೊಡ್ಡವರ ಮುಂದೆ ನನಗೆ ಬಾಯಿ ಬರುವುದಿಲ್ಲ. ಈಗ ನಮ್ಮ ಸೂರಿನ ತಗಡು ಗಾಳಿಗೆ ಬಡಿದಾಗಲೆಲ್ಲ ಆ ಸೀರೆಯೇ ಬಡಿದಂತಾಗುತ್ತದೆ.

ಮುಂದಿನ ಇಳಿತಕ್ಕೆ ಮರಳಬೇಕಾದವರ ಪಟ್ಟಿಯಲ್ಲಿ ಅಜ್ಜಿ ಇದ್ದಾಳೆ, ನಾನೂ ಇದ್ದೇನೆ.

ಅಲ್ಲಿ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಆ ಟಾಂಕಿಯನ್ನು ಒಂದಾಳು ತಗ್ಗಿಸಿ ಕಟ್ಟಿ; ಇಳಿತದಲ್ಲೂ ಅದು ನೀರಿನ ಮೇಲೆ ಕಾಣದಿರಲಿ. ಅಷ್ಟು ತಗ್ಗಿದರೆ ಕೊನೆಯ ಕೇರಿಯ ನಲ್ಲಿಗಳಿಗೆ ನೀರು ಏರಲಿಕ್ಕಿಲ್ಲ ಎಂದು ಅಜ್ಜಿ ಹೇಳುತ್ತಾಳೆ. ಆ ಕೇರಿಯ ಹೆಂಗಸರಲ್ಲಿ ನಾನು ತಲೆತಗ್ಗಿಸಿ ಕೇಳಿಕೊಳ್ಳುತ್ತೇನೆ: ದಿನಕ್ಕೆ ನಾಲ್ಕು ಕೊಡ ನೀರು ಹೊತ್ತುಬಿಡಿ, ಅಕ್ಕಂದಿರೇ.