ಅಶ್ವಗಂಧ ನಿಲ್ಲಿಸಿದ ಮೇಲೆ

ಜೂನ್ 9, ಸೋಮವಾರ
ಕ್ಲಾಸಿನಲ್ಲಿ ಹಾಜರಿ ಕೂಗುವಾಗ ದನಿ ನಡುಗಲಿಲ್ಲ. ಹೋದ ಸಲ ಮಗು ಹೊಟ್ಟೆಯಲ್ಲೇ ಹೋದ ಮೇಲೆ ಶುರುವಾದ ಗಾಬರಿ ಇಳಿದಿದೆ. ಬಸ್ ಹತ್ತಿದರೆ, ಫೋನ್ ರಿಂಗಾದರೆ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅತ್ತೆ ಅನ್ನಪೂರ್ಣಮ್ಮ ಸಂತೇಬೆನ್ನೂರಿನಿಂದ ತಂದುಕೊಟ್ಟ ಅಶ್ವಗಂಧದ ಅರ್ಕ ಮೈಗೆ ಹಿಡಿದಿದೆ. ನಿದ್ದೆ ಬರುತ್ತಿದೆ. "ಮುಖ ಗೆಲುವಾಗೈತೆ" ಎಂದರು ಸಿದ್ದಲಿಂಗೇಶ್. ಮದುವೆಯಾದ ಹೊಸತರಲ್ಲಿ ಹೀಗೆ ನೋಡುತ್ತಿದ್ದರು.

ಜೂನ್ 24, ಬೆಳಿಗ್ಗೆ
ಕಿಟ್‌ನಲ್ಲಿ ಎರಡು ಗೆರೆ. ಮತ್ತೆ ಬಸುರಿ.
ಖುಷಿಯಾಯಿತು. ಸ್ಕೂಲ್ ಬೆಲ್ ಹೊಡೆಯುವವರೆಗೆ... ಆಮೇಲೆ ಹೋದ ಮಗು ನೆನಪಾಯಿತು.

ಜೂನ್ 26
ಹೊನ್ನಾಳಿಗೆ ಹೋಗಿ ಡಾಕ್ಟರ್ ಪ್ರಮೀಳಾ ಅವರಿಗೆ ತೋರಿಸಿದೆ. ಏನಾದರೂ ಔಷಧಿ ತಗೋತಿದ್ದೀರಾ ಎಂದರು. ಹೇಳಿದೆ. ಬರೆಯುತ್ತಿದ್ದ ಪೆನ್ನು ನಿಂತಿತು.
"ಇವತ್ತಿಂದ ಬೇಡ. ಆತಂಕಕ್ಕೆ ಒಳ್ಳೇದಿರಬಹುದು, ಆದ್ರೆ ಬಸುರಿಯರಿಗೆ ಸೇಫ್ ಅಂತ ಹೇಳಾಕೆ ಬರಲ್ಲ."
"ಇಷ್ಟು ದಿನ ಕುಡಿದದ್ದು?"
"ಈಗ್ಲೇ ಏನೂ ಗೊತ್ತಾಗಲ್ಲ. ಎರಡು ವಾರ ಬಿಟ್ಟು ಸ್ಕ್ಯಾನ್ ಮಾಡೋಣ."
ವಾಪಸ್ ನ್ಯಾಮತಿಗೆ ಬರುವ ಬಸ್‌ನಲ್ಲಿ ಸಿದ್ದಲಿಂಗೇಶ್: "ಬೇರಿನ ರಸ ತಾನೆ, ಏನಾಗತೈತೆ ಬಿಡು."

ಜುಲೈ 1
ಗಾಬರಿ ವಾಪಸ್. ಸ್ಟಾಫ್ ರೂಮಿನಲ್ಲಿ ಕಿಟಕಿ ಹಿಡಿದು ನಿಂತೆ. ಅರ್ಕದ ಸೀಸೆ ಅಡುಗೆಮನೆಯ ಶೆಲ್ಫ್‌ನಲ್ಲೇ ಇದೆ. ಒಂದು ಚಮಚ ಕುಡಿದರೆ ಹೆದರಿಕೆ ಹೋಗುತ್ತದೆ. ಹೆದರಿಕೆ ಇರುವುದೇ ಅದನ್ನು ಕುಡಿದದ್ದಕ್ಕೆ — ಮನೆಗೆ ಬಂದು ಮುಚ್ಚಳ ತೆಗೆದೆ. ಮೂಸಿದೆ. ಮುಚ್ಚಿದೆ.

ಜುಲೈ 3
ಅತ್ತೆ ಬಂದರು. ಡಾಕ್ಟರ್ ಅರ್ಕ ಬೇಡವೆಂದದ್ದನ್ನು ಮಗನೇ ಫೋನಿನಲ್ಲಿ ಹೇಳಿದ್ದರಂತೆ. ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ ಹೋಗಿ ಸೀಸೆಯನ್ನು ಸಿಂಕಿಗೆ ಸುರಿದರು. ಆಮೇಲೂ ನಲ್ಲಿ ಬಿಟ್ಟುಕೊಂಡು ಅಲ್ಲೇ ನಿಂತರು.
"ನಾನೇ ಕೊಟ್ಟೆ ಕಣವ್ವ. ನಿಂಗೆ ನಿದ್ದೆ ಬರ್ಲಿ ಅಂತ."
ಸಮಾಧಾನ ಹೇಳಬೇಕಿತ್ತು. ಸಿಟ್ಟಿತ್ತು.
ಸಂಜೆ ಉಸಿರು ಸಿಕ್ಕಿಕೊಂಡಾಗ ಪಕ್ಕದಲ್ಲಿ ಕೂತು ಬೆನ್ನು ಸವರಿದರು. ನಾನು ಸರಿದು ಕೂರಲಿಲ್ಲ.

ಜುಲೈ 10, ಗುರುವಾರ
ಸ್ಕ್ಯಾನ್. ಬೇಡವೆಂದರೂ ಅತ್ತೆ ಒಳಗೇ ಬಂದರು. ಡಾಕ್ಟರ್ ಪರದೆ ನೋಡಿದರು... ನೋಡುತ್ತಲೇ ಇದ್ದರು. ಆಮೇಲೆ ಒಂದು ಬಟನ್ ಒತ್ತಿದರು. ಟಕಟಕಟಕ ಎಂದು ಸದ್ದು, ರೂಮಿನ ತುಂಬ.
"ಯಾಕ್ರೀ ಇಷ್ಟು ಜೋರು ಬಡಿತೈತೆ? ಅದಕ್ಕೂ ಗಾಬರಿನಾ?" ಅತ್ತೆ.
"ಇಲ್ರೀ ಅಮ್ಮ. ಮಗುವಿನ ಎದೆಬಡಿತ ಇರಬೇಕಾದ್ದೇ ಹಂಗೆ."
ಸದ್ಯಕ್ಕೆ ಎಲ್ಲ ಸರಿಯಿದೆ, ಮುಂದೆ ಇನ್ನೂ ನೋಡಬೇಕು ಎಂದರು. ನನ್ನ ಗಾಬರಿಗೆ ಬೇರೆ ಡಾಕ್ಟರಿಗೆ ಚೀಟಿ ಕೊಟ್ಟರು. ಹೋಗುತ್ತೇನೆ.
ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಆ ಚೀಟಿಯನ್ನು ಮಡಚಿ ಬಿಡಿಸುತ್ತಲೇ ಇದ್ದರು. ಅವರ ಕೈ ಹಿಡಿದೆ. "ಹೆದರಬೇಡಿ ಅತ್ತೆ" ಎಂದೆ.
ಫೋನ್ ರಿಂಗಾದರೂ ಹೆದರುವ ನಾನು, ಆ ಮಾತು ಹೇಳಿದೆ.