ಭಾವ ಮುಟ್ಟಿದ ಗಾಡಿ

ಪಾಂಡವಪುರ,
9-11-2025, ಭಾನುವಾರ

ಪ್ರೀತಿಯ ತಮ್ಮ ರವೀಂದ್ರನಿಗೆ,

ನಿನ್ನ ಅಕ್ಕ ಜಯಲಕ್ಷ್ಮಿಯ ಮನಸಾರೆ ಆಶೀರ್ವಾದ. ನೀನು, ರಂಜಿತ ಇಬ್ಬರೂ ಹೇಗಿದ್ದೀರಿ? ನಿನ್ನ ಸಕ್ಕರೆ ಕಾಯಿಲೆ ನಿನ್ನ ಹತೋಟಿಯಲ್ಲಿದೆಯೋ, ಇಲ್ಲಾ ನಾಗಮಂಗಲದ ತಾಲ್ಲೂಕು ಆಫೀಸಿನ ಮುಂದಿನ ಬೋಂಡಾ ಅಂಗಡಿಯವನ ಹತೋಟಿಯಲ್ಲಿದೆಯೋ? ಮಾಕವಳ್ಳಿಯಲ್ಲಿ ಸ್ನೇಹ ಹೇಗಿದ್ದಾಳೆ? ಕಾಲು ಊದಿಕೊಂಡಿದೆ ಎಂದಿದ್ದಳು, ಇಳಿಯಿತೇ? ಒಂಬತ್ತು ತಿಂಗಳಿಗೆ ಬಿದ್ದ ಮಗಳನ್ನು ಅತ್ತೆಮನೆಯಿಂದ ಹೆರಿಗೆಗೆ ಕರೆತರುವುದೆಂದರೆ ಹುಷಾರಾಗಿ ಕರೆತರಬೇಕು. ಶುಕ್ರವಾರ ಹೊರಡುತ್ತೀರೆಂದು ಕೇಳಿದೆ. ರಾಹುಕಾಲ ನೋಡಿಕೊಳ್ಳಲು ರಂಜಿತಳಿಗೆ ಹೇಳು, ನೀನಂತೂ ಗಡಿಯಾರವನ್ನೇ ನೋಡುವವನಲ್ಲ.

ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಭಾವನ ಬಲಗೈ ಮಾತ್ರ ಯುಗಾದಿಯಿಂದೀಚೆಗೆ ಜೋಮು ಹಿಡಿಯುತ್ತಿದೆ. ಕೇಳಿದರೆ ಚಳಿ ಎನ್ನುತ್ತಾರೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಚಳಿ ಎಂದೇ ಹೇಳಿದರು. ಮೈಸೂರಿಗೆ ಹೋಗಿ ಒಳ್ಳೆಯ ಡಾಕ್ಟರಿಗೆ ತೋರಿಸೋಣ ಎಂದರೆ, "ಎಷ್ಟೋ ಡಾಕ್ಟ್ರು ಸ್ಕೂಟ್ರ ನಾನೇ ರಿಪೇರಿ ಮಾಡಿವ್ನಿ, ಅವ್ರೇನ್ ನನ್ನ ರಿಪೇರಿ ಮಾಡಾರು ಬುಡಮ್ಮಿ" ಎಂದು ಎದ್ದು ಹೋಗುತ್ತಾರೆ. ಬೆಳಿಗ್ಗೆ ಕಾಫಿ ಲೋಟವನ್ನು ಈಗ ಎರಡು ಕೈಯಲ್ಲಿ ಹಿಡಿಯುತ್ತಾರೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀನು ಕೇಳಬಹುದು. ಹೋದ ತಿಂಗಳು ಅವರ ಫೋನು ಕೈಜಾರಿ ಹಳೇ ಆಯಿಲ್ ಡ್ರಮ್ಮಿಗೆ ಬಿತ್ತು. ಅಂದಿನಿಂದ ನನ್ನ ಫೋನು ಅವರ ಅಂಗಿ ಜೇಬಿನಲ್ಲಿದೆ. ಅವರು ಮಾಡಿದರೆ ನೀನು ಕಟ್ ಮಾಡುತ್ತೀಯ. ಒಂದು ಸಲ ಮೀಟಿಂಗು, ಒಂದು ಸಲ ತಹಸೀಲ್ದಾರರು ಕರೆದರು, ಹೋದ ಭಾನುವಾರ ಮತ್ತೆ ಮೀಟಿಂಗು. ಅದಕ್ಕೇ ಇವತ್ತು ಎದ್ದವರೇ, "ಬರಿಯಮ್ಮಿ ಅವ್ನ್ಗೊಂದು ಕಾಗ್ದವ. ಫೋನಾದ್ರೆ ಕಟ್ ಮಾಡ್ತಾನೆ, ಕಾಗ್ದವ ಎಂಗ್ ಕಟ್ ಮಾಡ್ತಾನೋ ನೋಡಾನ" ಎಂದರು. ಬರೆದು ಮುಗಿದ ಮೇಲೆ ಅವರೇ ಓದುತ್ತಾರಂತೆ, ಒಂದು ಸಾಲೂ ಬಿಡದೆ. ಅದು ನಿನಗೆ ಗೊತ್ತಿರಲಿ.

ವಿಷಯ ನಿನ್ನ ಕಾರಿನದು. ಮೂರು ಫ್ರೀ ಸರ್ವೀಸು ಷೋರೂಮಿನಲ್ಲಿ ಆಯಿತು, ಅದಕ್ಕೆ ಅವರು ತುಟಿ ಪಿಟಕ್ಕೆನ್ನಲಿಲ್ಲ. ಬಿಟ್ಟಿ ಸಿಗುವುದನ್ನು ಬಿಡುವವರು ಯಾರು? ನಾಲ್ಕನೆಯದಕ್ಕೆ ಗಾಡಿ ನಮ್ಮ ಷೆಡ್ಡಿಗೇ ಬರುತ್ತದೆಂದು ದಸರೆಯಿಂದ ಕಾಯುತ್ತಿದ್ದರು. ಆಯಿಲು, ಫಿಲ್ಟರು, ಬ್ರೇಕ್ ಪ್ಯಾಡು ಎಲ್ಲ ಕಂಪನಿಯದೇ ತಂದು ಒಂದು ಚೀಲದಲ್ಲಿ ಕಟ್ಟಿ, ಯಾರೂ ಮುಟ್ಟದ ಹಾಗೆ ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟಿದ್ದರು. ಅಂಥದರಲ್ಲಿ ಮೊನ್ನೆ ರಂಜಿತ ಫೋನಿನಲ್ಲಿ ಬಾಯಿತಪ್ಪಿ, ಸ್ನೇಹಳನ್ನು ಕರೆತರುವ ಮೊದಲು ಗಾಡಿಯನ್ನು ಮಂಡ್ಯದ ಷೋರೂಮಿಗೆ ಬಿಡುತ್ತೇವೆ, ಬುಧವಾರಕ್ಕೆ ಬುಕ್ಕಾಗಿದೆ ಎಂದುಬಿಟ್ಟಳು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಕೈ ತೊಳೆದು ಹೋಗಿ ಷೆಡ್ಡಿನ ಬಾಗಿಲಲ್ಲಿ ಕೂತರು.

ನಿನ್ನ ವಾದವೂ ನನಗೆ ಗೊತ್ತು. ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತದೆ, ಅವರಲ್ಲಿ ಕಂಪ್ಯೂಟರಿದೆ, ಎಲ್ಲದಕ್ಕೂ ಅಳತೆಯ ಮೆಷಿನ್ನಿದೆ, ಗಾಡಿ ಮಾರುವಾಗ ಷೋರೂಮಿನ ಸೀಲು ನೋಡಿದರೆ ಬೆಲೆ ಬರುತ್ತದೆ. ಇರಬಹುದಪ್ಪ. ಆದರೆ ಅಲ್ಲಿ ಗಾಜಿನ ಈಚೆ ನಿನ್ನನ್ನು ಕೂರಿಸಿ, ಪೇಪರ್ ಲೋಟದಲ್ಲಿ ಕಾಫಿ ಕೊಟ್ಟು, ಗಾಜಿನ ಆಚೆ ಯಾರು ಏನು ಬಿಚ್ಚಿದರು ಎಂದು ತೋರಿಸುತ್ತಾರೆಯೇ? ನಮ್ಮಲ್ಲಿ ಗಾಡಿಯ ಯಜಮಾನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಬಿಚ್ಚಿದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಅವನ ಕೈಗೇ ಕೊಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ ನೋಡು. ನಿನ್ನ ಮದುವೆಯ ವ್ಯಾನು ಶ್ರೀರಂಗಪಟ್ಟಣದ ಸೇತುವೆಯ ಮೇಲೆ ನಿಂತು, ಮುಹೂರ್ತ ಮೀರುತ್ತಿದ್ದಾಗ, ರೇಷ್ಮೆ ಪಂಚೆ ಎತ್ತಿ ಕಟ್ಟಿ ವ್ಯಾನಿನಡಿ ನುಗ್ಗಿದವರು ಯಾವ ಷೋರೂಮಿನವರಾಗಿದ್ದರು?

ಮೂವತ್ತೊಂದು ವರ್ಷದಿಂದ ಅವರದೊಂದು ಪದ್ಧತಿ, ನೀನೂ ಕಂಡಿದ್ದೀಯ. ಚಕ್ರ ಹಾಕಿ, ಒಂದೊಂದು ನಟ್ಟನ್ನೂ ಮೈಭಾರ ಬಿಟ್ಟು ಬಿಗಿದು, ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಆ ನಟ್ಟಿನ ತಲೆಗೆ ಬೊಟ್ಟಿಡುವುದು. ಬೊಟ್ಟು ಬಿತ್ತೆಂದರೆ ಹೊನ್ನಪ್ಪನ ಕೈ ಅಲ್ಲಿ ಆಡಿದೆ ಎಂದರ್ಥ. ಜನ ನಾಲ್ಕೂ ಚಕ್ರ ಸುತ್ತಿ ಬಿಳೀ ಬೊಟ್ಟು ನೋಡಿ, ಮತ್ತೊಂದು ಮಾತಾಡದೆ ಗಾಡಿ ಹತ್ತುತ್ತಾರೆ. ಕೆ.ಆರ್. ಪೇಟೆಯಿಂದಲೂ ಆ ಬೊಟ್ಟಿಗೆಂದೇ ಬರುತ್ತಿದ್ದರು.

ಚಿಕ್ಕಯ್ಯನ ಗಾಡಿ ವಿಷಯ ನಿನ್ನ ಕಿವಿಗೆ ಬಿದ್ದಿರಬೇಕು. ನಮ್ಮ ಬೀದಿಯ ಹಾಲಿನ ಡೇರಿ ಚಿಕ್ಕಯ್ಯ. ದಸರೆ ಮುಗಿದ ಮೇಲೆ ನಮ್ಮಲ್ಲೇ ಸರ್ವೀಸು ಮಾಡಿಸಿಕೊಂಡು ಹೋದ. ಹತ್ತನೇ ದಿನ ನಾಲೆ ಏರಿಯ ಮೇಲೆ ಹೋಗುವಾಗ ಹಿಂದಿನ ಚಕ್ರ ಕಳಚಿ, ಗಾಡಿಗಿಂತ ಮುಂದೆ ಓಡಿ ನೀರಿಗೆ ಬಿತ್ತಂತೆ. ಗಾಡಿ ಏರಿಯಿಂದ ಜಾರಿ ಒಂದು ಹೊಂಗೆ ಮರಕ್ಕೆ ಒರಗಿ ನಿಂತಿತು. ಆ ಮರ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸುವುದಿಲ್ಲ, ಯೋಚಿಸಿದರೆ ನಿದ್ದೆ ಬರುವುದಿಲ್ಲ. ಅವನ ಹೆಂಡತಿಯ ಭುಜ ಮುರಿದಿದೆ. ನಿನ್ನ ಭಾವ ಹೋಗಿ ನೋಡಿ ಬಂದು, "ಗುಂಡಿಗ್ ಬುಟ್ಟವ್ನೆ ಕಣಮ್ಮಿ, ರೋಡ್ ಅಂಗದೆ" ಎಂದರು. ಚಿಕ್ಕಯ್ಯನೂ ಅದನ್ನೇ ಹೇಳಿದ, "ಅಣ್ಣನ್ ಬೊಟ್ಟಿತ್ತು, ಅಣ್ಣಂದೇನ್ ತಪ್ಪಿಲ್ಲ" ಎಂದ. ಆಮೇಲೆ ಅವನು ನಮ್ಮ ಬಾಗಿಲಿಗೆ ಬಂದಿಲ್ಲ.

ಅವನೊಬ್ಬನೇ ಅಲ್ಲ, ಯಾರೂ ಅಷ್ಟಾಗಿ ಬರುತ್ತಿಲ್ಲ. ಹನ್ನೆರಡು ವರ್ಷ ಜೊತೆಗಿದ್ದ ದಿಲೀಪ್ ಆಷಾಢದಲ್ಲೇ ಬಿಟ್ಟುಹೋಗಿ ಮಂಡ್ಯದ ಅದೇ ಷೋರೂಮಿಗೆ ಸೇರಿಕೊಂಡ. ಈಗ ಷೆಡ್ಡಿನ ಮುಂದೆ ಒಂದು ಹಳೇ ಜೀಪು ನಿಂತಿದೆ, ಅದರ ಯಜಮಾನ ಬದುಕಿದ್ದಾನೋ ಇಲ್ಲವೋ ತಿಳಿಯದು. ಇಂಥ ಹೊತ್ತಿನಲ್ಲಿ ನೀನೂ ಬೇರೆ ಕಡೆ ಹೋದರೆ ಹೇಗೆ ಹೇಳು. "ಸ್ವಂತ ಬಾಮೈದನೇ ಬುಟ್ಟೋದ ಅಂದ್ರೆ ಊರೋರು ಏನಂದ್ಕಂಡಾರು? ಅಲ್ಲಿಗೆ ಮುಗೀತು, ಷೆಡ್ಡಿಗ್ ಬೀಗ ಹಾಕದೇಯ" ಎಂದು ನಿನ್ನ ಭಾವ ನಿನ್ನೆ ಅಂದರು. ಅಂದು, ನನ್ನ ಮುಖ ನೋಡಲಿಲ್ಲ. ಆ ಮನುಷ್ಯ ಹಾಗೆ ತಲೆ ತಗ್ಗಿಸಿದ್ದನ್ನು ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಸೊಪ್ಪು ಬಿಡಿಸುವ ನೆಪದಲ್ಲಿ ಒಳಗೆ ಹೋದೆ.

ಆದ್ದರಿಂದ ಬುಧವಾರದ ಬುಕ್ಕಿಂಗು ಬಿಟ್ಟು ಗಾಡಿಯನ್ನು ಇಲ್ಲಿಗೆ ತಾ ಎಂದು ನಿನ್ನ ಭಾವ ಹೇಳುತ್ತಿದ್ದಾರೆ. ಒಂದೇ ದಿನದ ಕೆಲಸವಂತೆ. ಸ್ನೇಹ ಕೂರುವ ಗಾಡಿಯನ್ನು ತಾವಲ್ಲದೆ ಬೇರೆಯವರು ಮುಟ್ಟಕೂಡದಂತೆ. ಅವಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದೂ ಅವರು ಸರಿಮಾಡಿದ ಗಾಡಿಯಲ್ಲೇ, ನೆನಪಿರಲಿ ಎಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ.

ರಂಜಿತಳಿಗೆ ನನ್ನ ನೆನಪು ಹೇಳು, ಸ್ನೇಹಳಿಗೆ ಮುತ್ತು. ಅಳಿಯಂದಿರಿಗೆ, ಬೀಗರಿಗೆ ನಮಸ್ಕಾರ ತಿಳಿಸು. ತಾಯಿ ಮಗು ಸುಖವಾಗಿರಲಿ, ನಿಮ್ಮ ಮನೆ ತುಂಬಲಿ.

ಎಂದೆಂದಿಗೂ ನಿನ್ನ ಒಳಿತನ್ನೇ ಬಯಸುವ,
ಅಕ್ಕ ಜಯಲಕ್ಷ್ಮಿ

ವಿ.ಸೂ.: ರವಿ, ಮೇಲಿನದನ್ನೆಲ್ಲ ನಿನ್ನ ಭಾವ ಬೆರಳಿಟ್ಟು ಓದಿ, ಸರಿಯಾಗಿದೆ ಎಂದು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದಾರೆ. ಇಲ್ಲಿಂದ ಮುಂದಿನದನ್ನು ಅವರು ಓದಿಲ್ಲ, ಓದಲೂಬಾರದು. ಗಾಡಿಯನ್ನು ಅವರ ಕೈಗೆ ಕೊಡಬೇಡ. ಅವರ ಬೆರಳಿಗೆ ಬಿಗಿಯಾದದ್ದೂ ಸಡಿಲಾದದ್ದೂ ಈಗ ಒಂದೇ. ಬಿಗಿದೆ ಎಂದುಕೊಂಡು ಬೊಟ್ಟಿಡುತ್ತಾರೆ. ದಿಲೀಪ್ ಸಂಬಳಕ್ಕೆ ಹೋದವನಲ್ಲ. "ಅಕ್ಕಾ, ಅಣ್ಣನ್ ಹಿಂದೆ ಹಿಂದೆ ತಿರುಗಿ ಎಷ್ಟು ದಿನ ಬಿಗೀಲಿ? ಹೇಳಿದ್ರೆ ಅಣ್ಣ ಉಳಿಯಲ್ಲ, ಹೇಳ್ದಿದ್ರೆ ಯಾರಾದ್ರೂ ಸಾಯ್ತಾರೆ" ಎಂದು ನನ್ನ ಹತ್ತಿರ ಕಣ್ಣೀರಿಟ್ಟು ಹೋದ. ಆಮೇಲೆ ಆ ಕೆಲಸ ನಾನು ಮಾಡುತ್ತಿದ್ದೆ. ಅವರು ಉಂಡು ಮಲಗಿದಾಗ ಸ್ಪ್ಯಾನರ್ ಹಿಡಿದು ಹೋಗಿ, ಬೊಟ್ಟಿದ್ದ ನಟ್ಟುಗಳನ್ನು ಒಂದೊಂದೇ ಬಿಗಿದು ಬರುತ್ತಿದ್ದೆ. ಎಷ್ಟೋ ಸಲ ಕೈಬೆರಳಲ್ಲೇ ತಿರುಗುತ್ತಿದ್ದವು. ಚಿಕ್ಕಯ್ಯನ ಗಾಡಿ ಹೊರಟ ದಿನ ನಾನು ಪಾಲಹಳ್ಳಿಗೆ ನಾಮಕರಣಕ್ಕೆ ಹೋಗಿದ್ದೆ. ಅವನ ಹೆಂಡತಿಗೆ ದಿನಾ ಮುದ್ದೆ ಸಾರು ಕೊಟ್ಟು ಬರುತ್ತಿದ್ದೇನೆ, ಅವಳ ಮುಖ ನೋಡಲಾಗುವುದಿಲ್ಲ. ನಟ್ಟಾದರೆ ನನ್ನ ಕೈಗೆ ಸಿಗುತ್ತದೆ, ಬ್ರೇಕಿನ ಒಳಗೆ ಏನು ಬಿಟ್ಟಿದ್ದಾರೆಂದು ನನಗೆ ತಿಳಿಯುತ್ತದೆಯೇ? ಷೋರೂಮಿಗೇ ಕೊಡು, ದಿಲೀಪನೇ ಮಾಡಲಿ ಎಂದು ಕೇಳು.

ಈಗಷ್ಟೇ ಅವರ ಜೇಬಿನಿಂದ ಫೋನು ತೆಗೆದು ಮೂರು ಸಲ ಮಾಡಿದೆ. ಭಾವನೆಂದು ಮೂರು ಸಲವೂ ಕಟ್ ಮಾಡಿದೆ ನೀನು. ರಂಜಿತ ಎತ್ತಲಿಲ್ಲ. ಮೆಸೇಜು ಕಳಿಸಿದರೆ ನಿನ್ನ ಉತ್ತರ ಬರುವುದು ಅವರ ಜೇಬಿಗೆ.

ಕಾಗದ ಓದಿದ ಮೇಲೆ ಅವರ ಮನಸ್ಸು ಬದಲಾಯಿತು. ಟಪ್ಪಾಲಿಗೆ ಹಾಕಿದರೆ ಬುಧವಾರದೊಳಗೆ ಸಿಗುವುದಿಲ್ಲ, ಭಾನುವಾರ ಅವನು ಮನೆಯಲ್ಲೇ ಇರುತ್ತಾನೆ, ನಾನೇ ಕೊಟ್ಟು ಅವನ ಅಂಗಳದಲ್ಲೇ ಕೆಲಸ ಮುಗಿಸಿ ಬರುತ್ತೇನೆ ಎಂದು ಟೂಲ್ಸಿನ ಚೀಲ, ಆ ಬ್ರೇಕ್ ಪ್ಯಾಡು ಎಲ್ಲ ಬಾಗಿಲಲ್ಲಿ ತಂದಿಟ್ಟಿದ್ದಾರೆ. ಒಂಬತ್ತೂವರೆಯ ಬಸ್ಸಿಗೆ ಹೊರಡುತ್ತಾರೆ. ಅಷ್ಟರಲ್ಲಿ ಇದನ್ನು ಕವರಿಗೆ ಹಾಕಿ ಅಂಟಿಸಿ ಅವರ ಕೈಗೆ ಕೊಡುತ್ತೇನೆ. ನಾನು ತಡೆದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳುವ ಧೈರ್ಯ ನನಗಿಲ್ಲ. ಮೂವತ್ತು ವರ್ಷ ಅವರ ಜೊತೆ ಬಾಳಿದವಳು ನಾನು ಹೇಡಿ, ಅವರನ್ನು ತಡೆಯುವ ಕೆಲಸ ನೀನು ಮಾಡು. ನಿನ್ನೆಯೇ ಷೋರೂಮಿನವರು ಕರೆದು ಸರ್ವೀಸು ಮುಗಿಸಿದರು ಎಂದು ಹೇಳು. ಜಗಳವಾಡು. ಷೆಡ್ಡಿನ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಬೇಕಾದರೂ ಅನ್ನು. ಊಟ ಬಿಟ್ಟು ಎದ್ದು ಬರುತ್ತಾರೆ, ನಿನ್ನ ಮನೆ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎನ್ನುತ್ತಾರೆ, ನನ್ನನ್ನೂ ಕಳಿಸುವುದಿಲ್ಲ. ಸ್ನೇಹಳ ಮಗುವನ್ನು ನಾನು ಎತ್ತಿಕೊಳ್ಳದೆ ಹೋಗಬಹುದು. ಹೋಗಲಿ.

ಈ ಕಾಗದ ನೀನು ಓದುತ್ತಿರುವಾಗ ಅವರು ನಿನ್ನ ಎದುರೇ ಕೂತಿರುತ್ತಾರೆ ರವಿ, ನಿನ್ನ ಮುಖವನ್ನೇ ನೋಡುತ್ತಾ. ಮುಖ ಬದಲಾಗದಂತೆ ನೋಡಿಕೋ. ಓದಿ ಮುಗಿಸಿದ ಕೂಡಲೇ "ತಾರ್ಲಾ ಕೀಯ" ಎನ್ನುತ್ತಾರೆ. ಬೈದರೂ, ಕೈ ಮುಗಿದು ಕೇಳಿದರೂ ಕೊಡಬೇಡ.