ಹೊಂಡದಲ್ಲಿ ಏನೂ ಇಲ್ಲ

ಸಾಚುಂಗ್ ಹಳ್ಳಿ, ಫೋಶಾನ್
ನಾಲ್ಕನೆಯ ತಿಂಗಳ ಐದನೆಯ ದಿನ, ಮಧ್ಯಾಹ್ನ

ಪ್ರೀತಿಯ ತಮ್ಮ ಗಾಂಟೊಂಗ್‌ಗೆ ಅಕ್ಕನ ಆಶೀರ್ವಾದ.

ನಿನ್ನ ಹೊಟ್ಟೆನೋವು ಹೇಗಿದೆ? ಕಚೇರಿಯ ಎಣ್ಣೆ ಊಟ ಬಿಡಿಸಿ ಬೆಳಿಗ್ಗೆ ಒಂದು ಬಟ್ಟಲು ಗಂಜಿ ಕುಡಿಸು ಎಂದು ನಿನ್ನ ಹೆಂಡತಿಗೆ ಹೇಳಿದ್ದೆ, ಕುಡಿಸುತ್ತಿದ್ದಾಳೋ ಇಲ್ಲವೋ. ನನ್ನ ಮಂಡಿ ಹಾಗೇ ಇದೆ, ಮೀನುಗಂಜಿ ಅಂಗಡಿ ನಡೆಯುತ್ತಿದೆ. ಕ್ಷೇಮಸಮಾಚಾರ ಇಷ್ಟೇ. ಮುಂದಿನದನ್ನು ಕೂತುಕೊಂಡು ಓದು. ಫೋನು ಮಾಡಿದರೆ ಮೀಟಿಂಗ್ ಅನ್ನುತ್ತೀಯ, ಸಂದೇಶ ಕಳಿಸಿದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತೀಯ. ಅದಕ್ಕೇ ಕಾಗದ. ಕೇಳಿಕೊಳ್ಳುವುದಕ್ಕಲ್ಲ, ಬೈಯುವುದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಜೋಡಣೆ ಕಚೇರಿಯಿಂದ ಮೊನ್ನೆ ಕನ್ನಡಕದ ಹುಡುಗಿಯೊಬ್ಬಳು ಬಂದು, ಕಾಲುವೆ ಮಗ್ಗುಲಿನ ನಮ್ಮ ಹೊಂಡದ ಮುಂದೆ ನೋಟೀಸು ಅಂಟಿಸಿದಳು. ಏಳನೆಯ ದಿನ ಬೆಳಿಗ್ಗೆ ಮಣ್ಣಿನ ಲಾರಿಗಳು ಬರುತ್ತವಂತೆ, ಹೊಂಡ ಮುಚ್ಚುತ್ತಾರಂತೆ, ಗುವಾಂಗ್‌ಝೌನಿಂದ ಬರುವ ಹೊಸ ಮೇಲ್ರಸ್ತೆಯ ಕಂಬ ಅಲ್ಲೇ ಏಳುತ್ತದಂತೆ. "ಏನಮ್ಮಾ, ಇದ್ರಡೀಲಿ ನಮ್ಮ ಡ್ರ್ಯಾಗನ್ ದೋಣಿ ಮಲ್ಗಿದೆ" ಅಂದೆ. ಅವಳು ಪಾಪ, ಕಾಗದ ತಿರುಗಿಸಿ ತೋರಿಸಿದಳು. ಪಾಳು ನೀರು, ಹೊಂಡದಲ್ಲಿ ಏನೂ ಇಲ್ಲ ಎಂದಿತ್ತು. ಕೆಳಗೆ ನಿನ್ನ ಸಹಿ.

ಏನೂ ಇಲ್ಲವೇನೋ? ಹದಿನೆಂಟು ವರ್ಷ ಅದೇ ಕೆಸರಿಗೆ ಎದೆಮಟ್ಟ ಇಳಿದು ದೋಣಿ ಎಬ್ಬಿಸಿದವನು ಯಾರು? ದೋಣಿ ಹಬ್ಬ ಮುಗಿದ ಮೇಲೆ, ಮರ ಬಿಸಿಲಿಗೆ ಸೀಳಬಾರದೆಂದು ಅದನ್ನು ಮತ್ತೆ ಕೆಸರಲ್ಲಿ ಹೂತು, ಮಗುವಿಗೆ ಹೊದಿಸುವ ಹಾಗೆ ಎರಡೂ ಕೈಯಲ್ಲಿ ಮಣ್ಣು ಎಳೆಯುತ್ತಿದ್ದವನು ಯಾರು? ಅಪ್ಪ ತೀರಿಕೊಂಡ ವರ್ಷ ಚುಕ್ಕಾಣಿ ಹಿಡಿದು ಅತ್ತವನು ನೀನೇ. ಅದನ್ನೂ ಕಡತದಲ್ಲಿ ಪಾಳು ನೀರು ಎಂದು ಬರೆದೆಯಾ?

ಗುವಾಂಗ್‌ಝೌ, ಫೋಶಾನ್ ಎರಡೂ ಊರು ಒಂದು ಮಾಡುತ್ತೀರಂತೆ. ಆಮೇಲೆ ಸುತ್ತಲಿನ ಊರುಗಳೆಲ್ಲ ಸೇರಿ ಒಂದೇ ಮಹಾನಗರವಂತೆ, ಯಾರು ಎಲ್ಲಿಗೆ ಬೇಕಾದರೂ ಒಂದು ಗಂಟೆಯಲ್ಲಿ ಹೋಗಬಹುದಂತೆ. ಬಹಳ ಸಂತೋಷ. ಕಾಲುವೆಯ ಆಚೆ ದಡ ಗುವಾಂಗ್‌ಝೌ, ಈಚೆ ದಡ ನಾವು. ನನ್ನ ಮಗಳನ್ನು ಕೊಟ್ಟದ್ದು ಆಚೆ ದಡದ ಹೋಯ್‌ಟಾವ್ ಹಳ್ಳಿಗೆ. ಬಾಣಂತಿಗೆ ಶುಂಠಿ ಹಾಕಿದ ಹಂದಿಕಾಲಿನ ಸಾರು ಹಿಡಿದು ಹೊರಟರೆ ಹಳೆಯ ಸೇತುವೆಯಲ್ಲಿ ಐದು ನಿಮಿಷ, ಮುಚ್ಚಳ ತೆಗೆದರೆ ಹಬೆ ಏಳುತ್ತಿತ್ತು. ಈಗ ಸೇತುವೆಗೆ ತಗಡಿನ ಬೇಲಿ ಹಾಕಿದ್ದೀರಿ. "ಜೋಡಣೆ ಕೆಲಸ ನಡೆದಿದೆ, ಬಳಸಿ ಹೋಗಿ" ಎಂದು ಬೋರ್ಡು ಬೇರೆ. ಬಳಸಿ ಹೋಗಲು ಎರಡು ಬಸ್ಸು, ಐವತ್ತು ನಿಮಿಷ. ಇದು ಯಾವ ಸೀಮೆಯ ಜೋಡಣೆಯೋ, ನೀನೇ ಹೇಳಬೇಕು. ನಮ್ಮ ತಾತನ ತಾತನ ಕಾಲದಿಂದ ಹೋಯ್‌ಟಾವ್ ನಮಗೆ ಅಣ್ಣತಮ್ಮಂದಿರ ಊರು. ಹಬ್ಬದ ದಿನ, ಐದನೆಯ ತಿಂಗಳ ಐದಕ್ಕೆ, ನಮ್ಮ ದೋಣಿ ಅಲ್ಲಿಗೆ ಹೋಗಬೇಕು, ಅವರು ಪಟಾಕಿ ಹಚ್ಚಿ ನಮ್ಮನ್ನು ಊಟಕ್ಕೆ ಕೂರಿಸಬೇಕು. ನೆರೆ ಬಂದ ವರ್ಷವೂ ಅದು ತಪ್ಪಿಲ್ಲ. ಯಾವ ಕಚೇರಿಯೂ ಅದನ್ನು ಜೋಡಿಸಿಕೊಟ್ಟದ್ದಲ್ಲ.

ಸಿಟ್ಟು ನಿನ್ನೊಬ್ಬನ ಮೇಲೇ ಅಂದುಕೊಳ್ಳಬೇಡ, ಇಲ್ಲಿನ ಗಂಡಸರೂ ಕಮ್ಮಿಯಿಲ್ಲ. ದೋಣಿ ಎಬ್ಬಿಸುವುದು ಎಂಟನೆಯ ದಿನವೇ ತಾನೆ. ಲಾರಿ ಬರುವುದು ಏಳಕ್ಕೆ. ಇವತ್ತೇ ತೆಗೆಯಿರಿ ಅಂದರೆ ಫುಕ್ ದೊಡ್ಡಪ್ಪ ಸಿಗರೇಟಿನ ಬೂದಿ ಕೊಡವುತ್ತಾ, "ಎಂಟಕ್ಕೆ ಮುಂಚೆ ಎಬ್ಸಿದ್ರೆ ಡ್ರ್ಯಾಗನ್ ಮುನಿಸ್ಕೊಳ್ತಾನೆ ಕಣಮ್ಮ" ಅಂದರು. "ಮೈಮೇಲೆ ಲಾರಿಗಟ್ಲೆ ಮಣ್ಣು ಸುರುದ್ರೆ ಮುನಿಸ್ಕೊಳ್ಳಲ್ವಾ?" ಅಂತ ಕೇಳಿದೆ. "ಹೆಂಗಸ್ರಿಗ್ಯಾಕೆ ಇದೆಲ್ಲ, ದೋಣಿ ಹತ್ರ ಸುಳೀಬೇಡ" ಎಂದು ಬಾಯಿ ಮುಚ್ಚಿಸಿದರು. ಹೆಣ್ಣು ಮುಟ್ಟಿದರೆ ದೋಣಿ ಪಂದ್ಯದಲ್ಲಿ ಸೋಲುತ್ತದೆ ಅನ್ನುವ ಶಾಸ್ತ್ರ ನಿನಗೆ ಗೊತ್ತೇ ಇದೆ. ಐವತ್ತೊಂಬತ್ತು ವರ್ಷ ನಾನು ದಡದಲ್ಲೇ ನಿಂತಿದ್ದೇನೆ. ಕೊನೆಗೆ ನಾಲ್ವರು ನಿಮ್ಮ ಕಚೇರಿಗೆ ಹೋಗಿ, ಎರಡು ದಿನ ತಡಮಾಡಿ ಎಂದು ಕೈಮುಗಿದರು. ಕಡತದಲ್ಲಿ ದೋಣಿಯೇ ಇಲ್ಲ ಎಂದು ವಾಪಸು ಕಳಿಸಿದರಂತೆ. ಈಗ ಆಲದ ಮರದಡಿ ಕೂತು ಮಾಜಾಂಗ್ ಆಡುತ್ತಿದ್ದಾರೆ.

ನನಗೆ ನಾಚಿಕೆಯಾಗುತ್ತಿದೆ, ತಮ್ಮಾ. ರಾಶಿ ಕಡತದ ನಡುವೆ ನೋಡದೆ ಸಹಿ ಹಾಕಿದ್ದೀಯ ಎಂದು ನಂಬಿಕೊಂಡಿದ್ದೇನೆ. ನೋಡಿಯೇ ಹಾಕಿದ್ದರೆ ಅದನ್ನು ನನಗೆ ಹೇಳಬೇಡ.

ಮಕ್ಕಳಿಗೆ ಮುದ್ದು, ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಇಷ್ಟು ಬೈದರೂ ನೀನು ನೂರು ಕಾಲ ಚೆನ್ನಾಗಿರಬೇಕು.

ನಿನ್ನ ಅಕ್ಕ,
ಮಾಕ್ ಲೈಹ್ಯುಂಗ್

ವಿ.ಸೂ.: ಆರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಕೈಯೆಲ್ಲ ಕೆಸರು, ಅಕ್ಷರ ಸರಿಯಿಲ್ಲ. ದೋಣಿ ಮೇಲೆ ಬಂತು. ಹೆಂಗಸರೇ ಎಬ್ಬಿಸಿದೆವು. ನಮ್ಮ ಕಡೆಯವರು ಮೂವತ್ತು ಜನ, ಹೋಯ್‌ಟಾವ್‌ನಿಂದ ಎರಡು ಬಸ್ಸು ಹತ್ತಿ ಬಂದವರು ಇಪ್ಪತ್ತು. ಒಳಗಿನ ಕೆಸರು ಬಕೆಟ್ಟಿನಲ್ಲಿ ಮೊಗೆದೆವು, ಹಿಡಿದು ಅಲ್ಲಾಡಿಸಿದೆವು, ಕೊನೆಗೆ ಒಳಗಿನ ನೀರು ಹೊರಗೆ ಎತ್ತಿ ಹಾಕಿದಾಗ ತೇಲಿತು. ಫುಕ್ ದೊಡ್ಡಪ್ಪ ಬೆನ್ನು ತಿರುಗಿಸಿಕೊಂಡು "ನಾನೇನೂ ನೋಡ್ಲಿಲ್ಲ" ಅಂದರು, ಅರ್ಧ ಗಂಟೆ ಬಿಟ್ಟು "ಎಡಕ್ಕೆಳೀರೇ, ಎಡಕ್ಕೆ!" ಎಂದು ಕೂಗಿದವರೂ ಅವರೇ. ದೋಣಿಯನ್ನು ಕಾಲುವೆಗೆ ತಂದು ನಿಮ್ಮ ತಗಡಿನ ಬೇಲಿಗೇ ಕಟ್ಟಿದ್ದೇವೆ. ಈಗ ಸರಿಯಾಗಿ ಕೇಳು. ಹಬ್ಬ ಮುಗಿದ ಮೇಲೆ ಇದನ್ನು ಮಲಗಿಸಲು ಕೆಸರು ಬೇಕು, ಉಳಿದಿರುವುದು ಒಂದೇ ತಿಂಗಳು. ನಿಮ್ಮ ಮಹಾನಗರದ ನಕ್ಷೆ ಬಿಡಿಸಿ, ಒಂದು ದೋಣಿ ಮಲಗುವಷ್ಟು ಜಾಗ ಹುಡುಕಿ, ಅದಕ್ಕೂ ಒಂದು ಸಹಿ ಹಾಕು. ಸಿಗದಿದ್ದರೆ ನಿನ್ನ ಕಚೇರಿಯ ಮುಂದಿನ ಕೆಂಪು ಮೀನಿನ ಕೊಳಕ್ಕೇ ತರುತ್ತೇನೆ. ಐವತ್ತು ಜನ ಹುಟ್ಟು ಹಾಕಲು ತಯಾರಿದ್ದಾರೆ, ಚುಕ್ಕಾಣಿ ನಾನೇ ಹಿಡಿಯುತ್ತೇನೆ.